ಗುರುಸಂಗಪ್ಪನ ಮನೆಯ ಕಿರೀಟ

ಪ್ರಭುಲಿಂಗಪ್ಪ ಕೈಕಾಲು ತೊಳೆದು ತಾಟಿನ ಮುಂದೆ ಕೂತವನೇ ಹೆಂಡತಿಯನ್ನು ಕೇಳಿದ, "ಹ್ಯಾಂಗಿತ್ತು ಇವತ್ತ?"

ಗೌರವ್ವ ಬಿಸಿ ರೊಟ್ಟಿ ಹಾಕಿ, ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. "ಉಪ್ಪ ಒಂಚೂರು ಕಮ್ಮಿ ಆಗೈತಿ. ಖಾರದ ಹಿಂಡಿ ಹಚಗೊಂಡ ಉಣ್ರಿ."

"ಪಲ್ಲೆ ಕೇಳಲಿಲ್ಲ ನಾ. ತಾಲೀಮು ಹ್ಯಾಂಗಿತ್ತು ಅಂದೆ."

ಪಡಸಾಲೆಯಲ್ಲಿ ತಾಲೀಮು ಆಗಷ್ಟೇ ಮುಗಿದಿತ್ತು. ಬಂದವರು ಎಲೆ ಅಡಿಕೆ ಹಾಕಿಕೊಂಡು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಸೂಡಿಯ ದೊಡ್ಡಾಟವೆಂದರೆ ಗುರುಸಂಗಪ್ಪನ ಮನೆಯ ಆಟ ಎಂದೇ ಸುತ್ತಿನ ಊರುಗಳಲ್ಲಿ ಹೆಸರು. ಗುರುಸಂಗಪ್ಪನ ಅಜ್ಜ ಬರೆದಿಟ್ಟ ವಜ್ರಕೇತು ದೊರೆಯ ಕಥೆಯನ್ನು ಊರವರು ಮೂರು ವರ್ಷಕ್ಕೊಮ್ಮೆ, ಯುಗಾದಿಯ ಹಿಂದಿನ ವಾರ ಆಡುತ್ತಿದ್ದರು. ದೊರೆಯ ವೇಷ ಮೊದಲು ಅಜ್ಜನದು, ಆಮೇಲೆ ಅಪ್ಪನದು, ಆಮೇಲೆ ಮೂವತ್ತು ವರ್ಷ ಗುರುಸಂಗಪ್ಪನದು. ಕಟ್ಟಿಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕನ್ನಡಿ ಚೂರು ಕೂರಿಸಿದ ಕಿರೀಟ ಆ ಮನೆಯ ದೇವರ ಕೋಣೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಕಳೆದ ಸಲ ಕುಣಿಯುವಾಗ ಗುರುಸಂಗಪ್ಪನ ಮೊಣಕಾಲು ಕೈಕೊಟ್ಟು ಆಟಕ್ಕೆ ಕಟ್ಟಿದ ಅಟ್ಟದ ಮೇಲೆಯೇ ಕುಸಿದಿದ್ದ. ಅಂದೇ ಊರು ತೀರ್ಮಾನಿಸಿಬಿಟ್ಟಿತು: ಇನ್ನು ಕಿರೀಟ ಮಗ ಪ್ರಭುಲಿಂಗಪ್ಪನ ತಲೆಗೆ. ಸಂಕ್ರಾಂತಿ ಮುಗಿದು ತಾಲೀಮು ಸುರುವಾದ ದಿನದಿಂದ ಜನ ಪ್ರಭುಲಿಂಗಪ್ಪನನ್ನು ಹೊಗಳುತ್ತಲೇ ಇದ್ದರು. ಕಿರಾಣಿ ಅಂಗಡಿಯ ಮಹಾಲಿಂಗಪ್ಪನಂತೂ ದಿನಾ ಸಂಜೆ ಬಂದು ಗೋಡೆಗೊರಗಿ ಕೂತು, "ತಂದಿಗಿಂತ ಒಂದ ಕೈ ಮ್ಯಾಲ ಅದಾನ ಹುಡುಗ" ಎನ್ನುತ್ತಿದ್ದ.

"ಹೇಳು ಮತ್ತ," ಎಂದ ಪ್ರಭುಲಿಂಗಪ್ಪ. "ನಿಮ್ಮಪ್ಪ ಮದ್ದಳಿ ಬಾರಸಾಂವ. ಹುಟ್ಟಿದಾಗಿಂದ ಆಟ ಕೇಳಿದಾಕಿ ನೀ."

ಗೌರವ್ವ ಒಲೆಯ ಕಡೆ ನೋಡಿದಳು. ಮದುವೆಯಾಗಿ ಒಂದು ವರ್ಷವಾಗಿತ್ತು. ಗಂಡ ಒಳ್ಳೆಯವನು; ಬೈದವನಲ್ಲ, ಕೈ ಎತ್ತಿದವನಲ್ಲ. "ಖರೇ ಹೇಳ್ಲೇನ್ರಿ?"

"ಖರೇನ ಹೇಳು."

"ನಿಮಗ ಬರಂಗಿಲ್ಲರಿ. ಕಾಲು ತಾಳದ ಹಿಂದ ಓಡತಾವು. ದನಿ ಮ್ಯಾಲ ಏರಂಗಿಲ್ಲ. ದೊರಿ ಸಿಟ್ಟಾದಾಗ ದೊರಿ ಕಾಣಂಗಿಲ್ಲ, ಮಾಸ್ತರ ಮುಂದ ಬಾಯಿಪಾಠ ಒಪ್ಪಸೂ ಹುಡುಗ ಕಾಣತಾನ. ಅವರೆಲ್ಲ ಭಲೇ ಅನ್ನೂದು ನಿಮಗಲ್ಲ, ಮಾವಾರ ಹೆಸರಿಗೆ."

ಪ್ರಭುಲಿಂಗಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟ. ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ.

ಮರುದಿನ ತಾಲೀಮಿನಲ್ಲಿ ಅವನಿಗೆ ಬರುತ್ತಿದ್ದಷ್ಟೂ ಬರಲಿಲ್ಲ. ಒಂದು ಹೆಜ್ಜೆ ಇಟ್ಟು ಇನ್ನೊಂದಕ್ಕೆ ತಡವರಿಸುತ್ತಿದ್ದ. ಭಾಗವತ ರಮಜಾನಸಾಬ ನಲವತ್ತು ವರ್ಷದಿಂದ ಆ ಮನೆಯ ಆಟ ಕಲಿಸಿಕೊಂಡು ಬಂದವನು, ತಾಳ ನಿಲ್ಲಿಸಿ ಕೇಳಿದ, "ಯಾಕೋ ತಮ್ಮಾ, ಗಂಟಲ ಬಿದ್ದೈತೇನು?"

ತಾಯಿ ಹೊನ್ನವ್ವ ಮೆಣಸು ಕುಟ್ಟಿ, ಬೆಲ್ಲ ಹಾಕಿ ಕಷಾಯ ಮಾಡಿದಳು. ಮೂರು ದಿನ ಕುಡಿಸಿದಳು. ನಾಲ್ಕನೆಯ ದಿನ ಮಗ ಬಟ್ಟಲನ್ನು ಸರಿಸಿಬಿಟ್ಟ.

"ಗಂಟಲಕ್ಕ ಏನೂ ಆಗಿಲ್ಲವ್ವ. ನನಗ ದನೀನ ಇಲ್ಲಂತ."

"ಯಾವ ಭಾಡ್ಯಾ ಅಂದಾಂವ?"

ಅವನ ಕಣ್ಣು ಅಡುಗೆಮನೆಯ ಬಾಗಿಲಿನತ್ತ ಹೋದದ್ದನ್ನು ತಾಯಿ ಕಂಡಳು.

ಗೌರವ್ವ ಬೀಸುಕಲ್ಲಿನ ಮುಂದೆ ಕೂತಿದ್ದಳು. ಹೊನ್ನವ್ವ ಬಂದು ಬೀಸುಕಲ್ಲಿನ ಗೂಟ ಹಿಡಿದು ನಿಲ್ಲಿಸಿದಳು. "ಏನಂದಿ ನನ್ನ ಮಗಗ?"

"ಕೇಳಿದ್ರು, ಹೇಳಿದೆ ಅತ್ತಿ."

"ಕೇಳಿದ್ರ ಹೇಳಿಬಿಡೂದ? ಊರಿಗೆ ಊರ ಭಲೇ ಅನ್ನಾಕತ್ತೈತಿ, ನಿನ್ನ ಕಿವಿಗೆ ಮಾತ್ರ ಬ್ಯಾರೆ ಕೇಳಸ್ತೈತೇನು?"

"ಊರು ಭಲೇ ಅಂದು ಮನಿಗೆ ಹೋಗತೈತ್ರಿ. ಅಟ್ಟದ ಮ್ಯಾಲ ನಿಲ್ಲಾವ್ರು ಅವರು. ಹತ್ತ ಊರ ಮಂದಿ ಮುಂದ ಮಾರಿ ಕೆಡೂದು ಬ್ಯಾಡಂತ ಹೇಳಿದೆ."

"ಮಾರಿ ಕೆಡಸಾಕಿ ನೀನ! ಹುಡುಗನ ಎದಿ ಒಡದ ಕುಂತಿ. ಆಟ ಮುಗಿಯೂತನಾ ನೀ ಈ ಮನ್ಯಾಗ ಬ್ಯಾಡ. ತವರಮನಿಗೆ ಹೋಗು."

ಮಾತು ಪಡಸಾಲೆಗೂ ಕೇಳಿಸಿತು. ಪ್ರಭುಲಿಂಗಪ್ಪ ಎದ್ದು ಒಳಗೆ ಬಂದ. "ಅವ್ವಾ, ಕೇಳಿದಾಂವ ನಾನು."

"ನೀ ಸುಮ್ನಿರು. ನಿನಗ ದನಿ ಇದ್ದದ್ದು ಇಲ್ಲದಂಗ ಆಗಿದ್ದು ಈಕಿ ಬಾಯಿಂದನ."

ಗುರುಸಂಗಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ. ಕಡೆಗೆ ಇಷ್ಟೇ ಹೇಳಿದ, "ನಾಳೆ ರೋಣಕ್ಕ ಗಾಡಿ ಹೂಡತೀನಿ. ಮೋಟಾರ ಹತ್ತಸಿ ಬರತೀನಿ."

ಬೆಳಿಗ್ಗೆ ಗೌರವ್ವ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿದಳು. ಗಂಡ ಬಾಗಿಲಲ್ಲಿ ನಿಂತಿದ್ದ. ಊರು ದಾಟಿ ಎರಡು ಹರದಾರಿ ಹೋಗುವವರೆಗೆ ಮಾವ ಎತ್ತುಗಳ ಜೊತೆ ಬಿಟ್ಟು ಯಾರ ಜೊತೆಗೂ ಮಾತಾಡಲಿಲ್ಲ. ಎರಡೂ ಕಡೆ ಬಿಳಿಜೋಳ ತೆನೆ ಬಾಗಿ ನಿಂತಿತ್ತು.

"ಯವ್ವಾ," ಎಂದ ತಿರುಗಿ ನೋಡದೆ, "ನಿನ್ನ ಗಂಡಗ ಏನಂದಿ, ನನ್ನ ಮುಂದ ಅನ್ನು."

ಗೌರವ್ವ ಸೆರಗು ತಲೆಮೇಲೆ ಎಳೆದುಕೊಂಡು, ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಗುರುಸಂಗಪ್ಪ ಬಾರುಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಸುಳ್ಳೇನಲ್ಲ," ಎಂದ.

"ನಿಮಗ ಗೊತ್ತಿತ್ತೇನ್ರಿ ಮಾವಾರ?"

"ನನ್ನ ಕಿವಿ ಇನ್ನೂ ನೆಟ್ಟಗ ಅದಾವ."

"ಮತ್ತ..."

"ಮತ್ತೇನು? ಮೂರ ತಲಿಯಿಂದ ಆ ಕಿರೀಟ ನಮ್ಮ ಮನ್ಯಾಗೈತಿ. ನನಗ ಇರಾಂವ ಒಬ್ಬ ಮಗ. ಅವಂಗ ಬರಂಗಿಲ್ಲಂದ್ರ ಯಾರಿಗೆ ಬರತೈತಿ?"

ಕೇಳಿದ್ದು ತನ್ನನ್ನೇ ತಾನು. ಆದರೆ ಗೌರವ್ವ ಉತ್ತರ ಕೊಟ್ಟಳು. "ನೀಲಪ್ಪಣ್ಣಗ ಬರತೈತ್ರಿ."

"ಯಾವ ನೀಲಪ್ಪ?"

"ನಿಮ್ಮ ಹೊಲದಾಗ ದುಡಿಯೂ ನೀಲಪ್ಪಣ್ಣ. ಹೋದ ಸುಗ್ಗ್ಯಾಗ ನಾ ಬುತ್ತಿ ತಗೊಂಡ ಹೋದಾಗ ಕೇಳೇನಿ. ಕಣದಾಗ ಹಂತಿ ಹೊಡಿಯೂ ಮುಂದ ದೊರಿ ಪದಾ ಹಾಡತಿದ್ದ. ನಾ ಬದುವಿನ ಮ್ಯಾಲ ಹಂಗ ನಿಂತಬಿಟ್ಟೆ."

ಗುರುಸಂಗಪ್ಪ ನಕ್ಕುಬಿಟ್ಟ. ನಗು ಬೇಗ ಮುಗಿಯಿತು. ರೋಣದಲ್ಲಿ ಮೋಟಾರು ಬರುವ ತನಕ ನಿಂತು, ಸೊಸೆ ನರಗುಂದದಲ್ಲಿ ಇಳಿದು ತವರೂರು ಕೊಣ್ಣೂರಿನ ಗಾಡಿ ಹುಡುಕಬೇಕಾದ ಜಾಗವನ್ನು ಮೂರು ಸಲ ಹೇಳಿ, ದಾರಿಯಲ್ಲಿ ತಿನ್ನಲು ಪುಠಾಣಿ ಕಟ್ಟಿಸಿಕೊಟ್ಟು ಹೊರಟ.

ಸೊಸೆ ಹೋದ ಮೇಲೆ ಮನೆಗೆಲಸವೆಲ್ಲ ಹೊನ್ನವ್ವನ ಮೇಲೆ ಬಿತ್ತು. ಬೆಳಗಿನ ಬೀಸುವುದು, ಸೆಗಣಿ ಬಳಿಯುವುದು, ಎರಡು ಹೊತ್ತಿನ ರೊಟ್ಟಿ, ರಾಶಿಗೆ ಬಂದವರ ಬುತ್ತಿ. ರೊಟ್ಟಿ ಬಡಿಯುತ್ತ ಬಡಿಯುತ್ತ, "ಗೌರಾ, ನೀರ ಕೊಡ" ಎಂದು ಎರಡು ಸಲ ಕೂಗಿ, ನೆನಪಾಗಿ ತಾನೇ ಎದ್ದುಹೋದಳು. ಗಂಡ ಮಗ ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

"ಯಾರೂ ಮಾತಾಡಂಗಿಲ್ಲಂತ ಆಣಿ ಮಾಡೀರೇನು?" ಎಂದು ಒಂದು ಮಧ್ಯಾಹ್ನ ರೇಗಿದಳು.

"ಏನ ಮಾತಾಡೂದು," ಎಂದ ಮಗ. "ಮಾತಾಡಿದಾಕಿನ್ನ ಕಳಿಸಿದಿ."

"ಹಂಗಾರ ನಾ ತಪ್ಪು?"

"ತಪ್ಪಂದ್ನೇನು ನಾ? ರೊಟ್ಟಿ ಹಾಕು."

ಮಾಘ ಮಾಸದ ಕೊನೆಗೆ ಕಣದಲ್ಲಿ ತೆನೆ ತುಳಿಸಲು ಎತ್ತುಗಳ ಹಂತಿ ಕಟ್ಟಿದರು. ಗುರುಸಂಗಪ್ಪ ಸಾಮಾನ್ಯವಾಗಿ ಸಂಜೆ ಹೋಗಿ ಕಾಳು ನೋಡಿ ಬರುತ್ತಿದ್ದವನು. ಅಂದು ಊಟವಾದ ಕೂಡಲೇ ಕೋಲು ಊರಿಕೊಂಡು ಹೊರಟ. ಬಣವೆಯ ಈಚೆ ಬರುವಷ್ಟರಲ್ಲಿ ದನಿ ಕಿವಿಗೆ ಬಿತ್ತು. ಅಲ್ಲೇ ನಿಂತ.

ಕಣದ ನಡುವಿನ ಮೇಟಿಕಂಬದ ಸುತ್ತ ನಾಲ್ಕು ಎತ್ತು ತಿರುಗುತ್ತಿದ್ದವು. ಅವುಗಳ ಹಿಂದೆ ನೀಲಪ್ಪ, ಮೂವತ್ತೈದು ವರ್ಷದ ಗಟ್ಟಿ ಆಳು, ಮೈಮೇಲೆ ಜೋಳದ ದೂಳು ಹೊತ್ತು ಹಾಡುತ್ತಿದ್ದ. ಯುದ್ಧಕ್ಕೆ ಮಗನನ್ನು ಕಳಿಸಿದ ವಜ್ರಕೇತು ದೊರೆ ಕೋಟೆಯ ಮೇಲೆ ನಿಂತು ಹಾಡುವ ಪದ. ಗುರುಸಂಗಪ್ಪ ಆ ಪದವನ್ನು ಯಾವಾಗಲೂ ಗುಡುಗಿನ ಹಾಗೆ ಹಾಡಿದವನು. ಇವನು ಗುಡುಗುತ್ತಿರಲಿಲ್ಲ. ಎತ್ತು ನಿಧಾನವಾದಾಗ ದನಿಯನ್ನೂ ನಿಧಾನ ಮಾಡಿ, ಕೊನೆಯ ಸಾಲಿನಲ್ಲಿ ಅದನ್ನು ಮೇಲಕ್ಕೆ ಎತ್ತಿ ಹಾಗೇ ಹಿಡಿದ. ಬಣವೆಯ ಮೇಲೆ ಕೂತಿದ್ದ ಗುಬ್ಬಿಗಳು ಕೂಡ ಏಳಲಿಲ್ಲ.

ಗುರುಸಂಗಪ್ಪ ಈಚೆ ಬಂದಾಗ ನೀಲಪ್ಪ ಗಕ್ಕನೆ ನಿಲ್ಲಿಸಿದ. "ತಪ್ಪಾತ್ರಿ ಯಜಮಾನ್ರ. ಎತ್ತು ಬ್ಯಾಸರ ಆಗಬಾರದಂತ..."

"ಯಾರು ಕಲಿಸಿದ್ರು?"

"ಯಾರೂ ಇಲ್ರಿ. ಆಟದ ದಿನ ಗ್ಯಾಸಬತ್ತಿ ಹಿಡಕೊಂಡ ನಿಲ್ಲಾಂವ ನಾನ ಅಲ್ಲೇನ್ರಿ. ಐದ ಆಟ ಹಿಡದೀನಿ. ನಿಮ್ಮ ಬಾಯಿಂದ ಬಂದದ್ದ ಕಿವ್ಯಾಗ ಕುಂತೈತಿ."

"ಕುಣೀತಿಯೇನು?"

ನೀಲಪ್ಪ ಎತ್ತಿನ ಬೆನ್ನಿನ ದೂಳು ಕೊಡವಿದ.

"ಕೇಳಾಕತ್ತೀನಿ. ಕುಣೀತಿಯೇನು?"

"ಯಾರೂ ಇಲ್ಲದಾಗ, ಒಂಚೂರು."

"ಈಗ ಯಾರದಾರ ಇಲ್ಲೆ? ನಾನು, ನಾಕ ಎತ್ತು. ಕುಣಿ."

ಅವನು ಕುಣಿದ. ಗುರುಸಂಗಪ್ಪ ಕೋಲಿನಿಂದ ನೆಲಕ್ಕೆ ತಾಳ ಹಾಕಿದ. ಒಂದು ಹೆಜ್ಜೆ ತಪ್ಪಿದಾಗ ಬೈದ, ತಿದ್ದಿದ, ಮತ್ತೆ ಕುಣಿಸಿದ. ಎತ್ತುಗಳು ನಿಂತು ಮೆಲುಕು ಹಾಕಿದವು. ಅಂದು ಹಂತಿ ಅರ್ಧಕ್ಕೇ ನಿಂತಿತು.

ಅದೇ ವಾರ ಪ್ರಭುಲಿಂಗಪ್ಪ ಯಾರಿಗೂ ಹೇಳದೆ ಕೊಣ್ಣೂರಿಗೆ ಹೋದ. ಗೌರವ್ವನ ತಂದೆ ಹೂವಪ್ಪ ಅಳಿಯನನ್ನು ಏನೂ ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟ, ಮಾದಲಿ ಮಾಡಿಸಿದ, ತುಪ್ಪ ಸುರಿದ, ಮೈಗೆ ಕಂಬಳಿ ಕೊಟ್ಟು ಮಲಗಿಸಿದ. ಬೆಳಿಗ್ಗೆ ಗೌರವ್ವ ಬಟ್ಟೆಯ ಗಂಟು ಹೊತ್ತು ಮಲಪ್ರಭೆಗೆ ಹೊರಟಾಗ ಪ್ರಭುಲಿಂಗಪ್ಪ ಅವಳ ಹಿಂದೆ ನಡೆದ. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು.

"ಕರೀಲಿಕ್ಕೆ ಬಂದ್ರೇನು, ಆಡಿದ ಮಾತು ಹಿಂದ ತಗೊ ಅನ್ನಾಕ ಬಂದ್ರೇನು?" ಎಂದಳು ಬಟ್ಟೆ ನೆನೆಸುತ್ತ.

"ಒಂದ ಮಾತ ಕೇಳಾಕ ಬಂದೀನಿ. ಇನ್ನ ಮೂರ ವಾರ ಐತಿ. ಹಗಲೂ ರಾತ್ರಿ ಬಡದಾಡಿದ್ರ ಬರತೈತೇನು?"

ಗೌರವ್ವ ಬಟ್ಟೆ ಬಿಟ್ಟು ಅವನ ಮುಖ ನೋಡಿದಳು. ಹೌದು ಎನ್ನಲು ಮನಸ್ಸಾಯಿತು. "ತಾಳ ಬರತೈತಿ. ದನಿ ಬರಂಗಿಲ್ಲ."

ಅವನು ಬಂಡೆಯ ಮೇಲೆ ಕುಕ್ಕರಿಸಿದ. "ನನಗ ಆಟ ಸೇರದ ಇದ್ದಿದ್ರ ಚಲೋ ಇತ್ತು ಗೌರಾ. ಬ್ಯಾಡಂತ ಬಿಟ್ಟ ಹೊಲಾ ಮಾಡಕೊಂಡ ಇರತಿದ್ದೆ. ಸಣ್ಣಾಂವಿದ್ದಾಗ ಅಪ್ಪ ವೇಷ ಕಟ್ಟಿ ಹೊರಗ ಬಂದ್ರ ನನಗ ಮೈ ನಡಗತಿತ್ತು. ಎಲ್ಲಾರ ಮಾತೂ ನನಗ ಬಾಯಿಗೆ ಬರತಾವು, ಸ್ತ್ರೀವೇಷದ್ದೂ. ಆಟ ಅಂದ್ರ ಜೀವ. ಜೀವ ಐತಿ, ದನಿ ಇಲ್ಲ. ಇದಕ್ಕೇನ ಮಾಡೂದು?"

ಗೌರವ್ವ ತೊಳೆದ ಸೀರೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಹಿಂಡಿದರು. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

"ಯಾರೂ ನನಗ ಹೇಳಿದ್ದಿಲ್ಲ," ಎಂದ ಅವನು. "ಸಾಲ್ಯಾಗ ಹೇಳಿದ್ದಿಲ್ಲ, ಮನ್ಯಾಗ ಹೇಳಿದ್ದಿಲ್ಲ. ನೀ ಹೇಳಿದ ದಿವಸ ಸಿಟ್ಟ ಬಂತು. ಆಮ್ಯಾಲ ನಿದ್ದಿ ಬಂತು ನೋಡು. ಭಾಳ ದಿವಸಕ್ಕ ಚಲೋ ನಿದ್ದಿ."

ಎರಡು ದಿನ ಬಿಟ್ಟು ಇಬ್ಬರೂ ಕೂಡಿ ಸೂಡಿಗೆ ಬಂದರು. ಹೊನ್ನವ್ವ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ಸೊಸೆಯನ್ನು ನೋಡಿ ಕೈ ನಿಲ್ಲಿಸಿ, ಮತ್ತೆ ತಟ್ಟಿದಳು.

"ಬಂದೇನು?"

"ಬಂದೆ ಅತ್ತಿ."

"ಹಿಟ್ಟ ತೀರೇತಿ. ಬೀಸೂದೈತಿ."

ಗೌರವ್ವ ಗಂಟು ಒಳಗಿಟ್ಟು ಬೀಸುಕಲ್ಲಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಹೊನ್ನವ್ವ ಕೈ ತೊಳೆದು ಬಂದು ಎದುರಿಗೆ ಕೂತು ಗೂಟಕ್ಕೆ ತನ್ನ ಕೈಯನ್ನೂ ಹಚ್ಚಿದಳು.

ಮರುದಿನ ಗಾಳಿ ಚೆನ್ನಾಗಿ ಬೀಸಿತು. ಅಪ್ಪ ಮಗ ಇಬ್ಬರೂ ಕಣದಲ್ಲಿ ಜೋಳ ತೂರಲು ನಿಂತರು. ಮಗ ಮೇಲಿನಿಂದ ಬುಟ್ಟಿ ಅಲುಗಿಸಿ ಸುರಿಯುತ್ತಿದ್ದ, ಅಪ್ಪ ಕೆಳಗೆ ಕೂತು ಕಾಳಿನ ಮೇಲಿನ ಹೊಟ್ಟು ಸರಿಸುತ್ತಿದ್ದ.

"ಅಪ್ಪಾ, ನನಗ ದೊರಿ ವೇಷ ಬರಂಗಿಲ್ಲ."

"ಗೊತ್ತೈತಿ."

ಬುಟ್ಟಿ ನಿಂತಿತು. "ಯಾವಾಗಿಂದ?"

"ನಿನಗ ಹನ್ನೆರಡ ವರ್ಷ ಇದ್ದಾಗಿಂದ."

"ಹನ್ನೆರಡ ವರ್ಷ! ಅವತ್ತಿಂದ ಇವತ್ತಿನತನಾ ನನ್ನ ಕುಣಿಸಿದಿ? ಮಂದಿ ಭಲೇ ಅಂದಾಗ ನೀನೂ ತಲಿ ಆಡಿಸಿದಿ?" ಪ್ರಭುಲಿಂಗಪ್ಪ ಬುಟ್ಟಿಯನ್ನು ಎಸೆದ. ಕಾಳು ಚೆಲ್ಲಾಡಿತು. "ಬೈದಿದ್ರ ಆಗತಿತ್ತು. ಹೊಡದಿದ್ರ ಆಗತಿತ್ತು. ಒಂದ ಮಾತ ಹೇಳಬೇಕಿತ್ತಲ್ಲ ನೀ!"

ಗುರುಸಂಗಪ್ಪ ಬಾಗಿ ಚೆಲ್ಲಿದ ಕಾಳನ್ನು ಅಂಗೈಯಿಂದ ಒಟ್ಟು ಮಾಡಿದ. "ಹೇಳಬೇಕಂತಿದ್ದೆ. ಪ್ರತಿ ಸಲ ಹೇಳಬೇಕಂತಿದ್ದೆ. ನೀ ಗೆಜ್ಜಿ ಕಟಗೊಂಡ ನನ್ನ ಮುಂದ ಬಂದ ನಿಲ್ಲತಿದ್ದಿ. ಆವಾಗ ನಿನ್ನ ಮಾರಿ ನೀ ನೋಡಿಲ್ಲ. ನಾ ನೋಡೇನಿ. ಬಾಯಿ ಬರಲಿಲ್ಲೋ ತಮ್ಮಾ."

ಗಾಳಿ ಬೀಸುತ್ತಲೇ ಇತ್ತು. ಮಗ ಬುಟ್ಟಿಯನ್ನು ಎತ್ತಿಕೊಂಡ. "ಮತ್ತ ಈಗ ದೊರಿ ಯಾರು?"

"ನೀಲಪ್ಪ."

"ನಮ್ಮ ನೀಲಪ್ಪ?" ಅವನು ಯೋಚಿಸಿದ. "ಹೌದು. ಅವನ ದನಿ ಕೇಳೇನಿ ನಾ. ಆದರ ಅವ್ವ ಒಪ್ಪತಾಳೇನು?"

ಹೊನ್ನವ್ವ ಒಪ್ಪಲಿಲ್ಲ. ತಟ್ಟೆಯನ್ನು ನೆಲಕ್ಕೆ ಕುಕ್ಕಿ, "ನನ್ನ ಮಗಗ ಬರಂಗಿಲ್ಲಂದ್ರ ಆಟಾನ ಬ್ಯಾಡ. ಪೆಟ್ಟಿಗಿ ಹಂಗ ಇರಲಿ" ಎಂದಳು. "ದೊರಿ ಹೊರಡೂ ಮುಂದ ಕಿರೀಟಕ್ಕ ದೊರಿ ಹೇಂತಿ ಆರತಿ ಬೆಳಗಬೇಕು. ಮೂವತ್ತ ವರ್ಷ ನಾ ಬೆಳಗೀನಿ. ಈಗ ನೀಲಪ್ಪನ ಹೇಂತಿ ದೇವವ್ವ, ದಿನಾ ಹಿತ್ತಲದಾಗ ಮುಸುರಿ ತಿಕ್ಕಾಕಿ, ನನ್ನ ದೇವರ ಕ್ವಾಣ್ಯಾಗ ನಿಲ್ಲಬೇಕೇನು?"

"ನಿಲ್ಲಬೇಕು," ಎಂದ ಗುರುಸಂಗಪ್ಪ.

"ಊರೇನಂತೈತಿ?"

ಊರು ಅಂದದ್ದನ್ನು ಮಹಾಲಿಂಗಪ್ಪ ಸಂಜೆಗೇ ತಂದು ಮುಟ್ಟಿಸಿದ. "ಗುರುಸಂಗಪ್ಪಾ, ಇದ ಚಂದ ಕಾಣಂಗಿಲ್ಲ. ಆ ಮಂದಿ ನಿಂತ ನೋಡಾವ್ರು. ಅವಂಗ ಕಿರೀಟ ಇಟ್ಟು ನಾವು ಕೆಳಗ ಕುಂಡ್ರೂದೇನು? ನಿನ್ನ ಮಗಗ ಏನ ಕಮ್ಮಿ ಐತಿ? ತಂದಿಗಿಂತ ಒಂದ ಕೈ..."

"ಮಹಾಲಿಂಗಪ್ಪಣ್ಣಾ," ಎಂದು ಪ್ರಭುಲಿಂಗಪ್ಪ ಬಾಗಿಲ ಬಳಿಯಿಂದ ನಡುವೆ ಬಾಯಿ ಹಾಕಿದ, "ಕೋಟಿ ಮ್ಯಾಲ ನಿಂತ ಹಾಡೂ ಪದದಾಗ ನಾ ಎಲ್ಲೆ ತಪ್ಪತೀನಿ ಹೇಳ್ರಿ ನೋಡೂಣು."

ಮಹಾಲಿಂಗಪ್ಪ ಬಾಯಿ ಬಿಟ್ಟ. "ಎಲ್ಲೆ ಅಂದ್ರ... ಎಲ್ಲೂ ಇಲ್ಲ."

"ಮೊದಲನೇ ಸಾಲಿನಾಗ. ದಿನಾ. ನೀವು ಅದನ್ನ ಕೇಳಿಲ್ಲಂದ್ರ ನೀವು ನನ್ನ ಕೇಳಾಕ ಬಂದಾವ್ರಲ್ಲ, ಎಲಿ ಅಡಕಿಗೆ ಬಂದಾವ್ರು."

ಮೂಲೆಯಲ್ಲಿ ತಾಳ ಒರೆಸುತ್ತಿದ್ದ ರಮಜಾನಸಾಬ ಮೊದಲು ನಕ್ಕ. ಮಹಾಲಿಂಗಪ್ಪ ಚಪ್ಪಲಿ ಹುಡುಕಿದ.

ಆದರೆ ನೀಲಪ್ಪನೇ ಒಪ್ಪಲಿಲ್ಲ. ಅಂಗಳದಲ್ಲಿ ನಿಂತು ಕೈ ಮುಗಿದ. "ಒಲ್ಲೆರಿ ಯಪ್ಪಾ. ಒಂದ ರಾತ್ರಿ ದೊರಿ ಆಗತೀನಿ. ಮರುದಿನ ಇದ ಹೊಲಕ್ಕ ಬರಬೇಕಲ್ಲ. ಮಂದಿ ನನ್ನ ನಕ್ಕ ನೋಡತಾರ."

"ಮರುದಿನ ನಾನೂ ಹೊಲಕ್ಕ ಹೋಗತಿದ್ದೆ."

"ನಿಮ್ಮ ಹೊಲಕ್ಕ ನೀವು ಹೋಗತಿದ್ರಿ. ನಾ ನಿಮ್ಮ ಹೊಲಕ್ಕ ಬರಬೇಕು."

ಗುರುಸಂಗಪ್ಪನ ಹಿಂದೆ ಗೌರವ್ವ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. "ನೀಲಪ್ಪಣ್ಣಾ," ಎಂದಳು, "ಬಾರದಾವ್ರ ಹಾಡಿದ್ರ ಮಂದಿ ನಗತಾರ. ನೀ ಹಾಡಿದಾಗ ನಾ ಬಿಸಲಾಗ ಬುತ್ತಿ ಹೊತಗೊಂಡ ನಿಂತಿದ್ದೆ. ನಗು ಬರಲಿಲ್ಲ ನನಗ. ನೀ ಹಾಡು."

ನೀಲಪ್ಪ ಅವಳನ್ನೂ, ಆಮೇಲೆ ಪ್ರಭುಲಿಂಗಪ್ಪನನ್ನೂ ನೋಡಿದ. ಪ್ರಭುಲಿಂಗಪ್ಪ ತಲೆಯಾಡಿಸಿದ. ನೀಲಪ್ಪ ಚಪ್ಪಲಿ ಬಿಟ್ಟು ಮೊದಲ ಸಲ ಪಡಸಾಲೆಯ ಮೆಟ್ಟಿಲು ಹತ್ತಿದ.

ನಡುವೆ ನಿಂತಿದ್ದ ತಾಲೀಮು ಮತ್ತೆ ಸುರುವಾಯಿತು. ಮೊದಲ ವಾರ ಬಂದವರು ನಾಲ್ಕೇ ಜನ, ಮಹಾಲಿಂಗಪ್ಪ ಬರಲಿಲ್ಲ. ಎರಡನೆಯ ವಾರಕ್ಕೆ ಬೀದಿಯಲ್ಲಿ ನಿಂತು ಕೇಳುವವರು ಹೆಚ್ಚಾದರು. ಪ್ರಭುಲಿಂಗಪ್ಪ ನೀಲಪ್ಪನ ಎದುರಿಗೆ ಕೂತು ಮರೆತ ಮಾತುಗಳನ್ನು ಎತ್ತಿಕೊಡುತ್ತಿದ್ದ. ಅವನಿಗೆ ಪುಸ್ತಕ ಬೇಕಾಗುತ್ತಿರಲಿಲ್ಲ. ಒಂದು ದಿನ ರಮಜಾನಸಾಬ ಹೇಳಿದ, "ತಮ್ಮಾ, ದೂತನ ವೇಷದ ಹುಡುಗ ಹುಬ್ಬಳ್ಳಿಗೆ ಹೋದ. ನಾಕ ಮಾತ ಅದಾವ, ಪದಾ ಇಲ್ಲ. ಮಾಡತಿಯೇನು?"

ದೊರೆಯ ಮನೆಯ ಮಗ ದೂತನಾಗುವುದು!

"ಮಾಡತೀನಿ," ಎಂದ ಪ್ರಭುಲಿಂಗಪ್ಪ.

ಆಟದ ದಿನ ಇಳಿಹೊತ್ತಿಗೆ ಪೆಟ್ಟಿಗೆ ತೆರೆದರು. ದೇವವ್ವ ತಲೆ ಎರೆದುಕೊಂಡು, ಇದ್ದ ಒಂದೇ ಇಳಕಲ್ ಸೀರೆ ಉಟ್ಟು ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಮುಂಬಾಗಿಲಿನಿಂದ ಬಂದು ಅವಳಿಗೆ ರೂಢಿಯಿರಲಿಲ್ಲ. ಹೊನ್ನವ್ವ ಆರತಿ ತಟ್ಟೆಯನ್ನು ಸಿದ್ಧ ಮಾಡಿ ನೆಲದ ಮೇಲಿಟ್ಟು, ಅದನ್ನೇ ನೋಡುತ್ತ ಕೂತಿದ್ದಳು. ಗೌರವ್ವ ದೂರದಲ್ಲಿ ನಿಂತಿದ್ದಳು.

"ಬಂದೀನ್ರಿ ಯವ್ವಾ," ಎಂದಳು ದೇವವ್ವ. "ನೀವ ಬೆಳಗ್ರಿ. ನನಗ ಹ್ಯಾಂಗ ಹಿಡಿಯೂದು ಸೈತ ಗೊತ್ತಿಲ್ಲ. ಎಣ್ಣಿ ಚೆಲ್ಲಿಗಿಲ್ಲಿದ್ರ..."

ಹೊನ್ನವ್ವ ತಲೆ ಎತ್ತಿದಳು. ಮೊದಲ ಸಲ ಅತ್ತೆಯ ಕೈಯಿಂದ ತಟ್ಟೆ ಇಸಿದುಕೊಂಡ ದಿನ ತಾನೂ ಹೀಗೇ ಅಂಜಿದ್ದಳು. ಎಣ್ಣೆ ಚೆಲ್ಲಿಯೂ ಇತ್ತು. ಅವಳು ಎದ್ದು ಬಂದಳು. "ಅಲ್ಲೆ ಯಾಕ ನಿಂತಿ? ಮುಂದಿನ ಬಾಗಿಲಿಂದ ಬಾ. ಹಿತ್ತಲ ಬಾಗಿಲಿಂದ ಬಂದ ಯಾರಾರ ಆರತಿ ಮಾಡತಾರೇನು?" ದೇವವ್ವ ಸುತ್ತುಹಾಕಿ ಬಂದಾಗ ಅವಳ ಹಣೆಗೆ ಕುಂಕುಮ ಹಚ್ಚಿ, ತಟ್ಟೆ ಕೈಗಿಟ್ಟು, ಕೆಳಗಿನಿಂದ ತನ್ನ ಕೈ ಆಸರೆ ಕೊಟ್ಟಳು. "ನಿಧಾನ. ಬಲಕ್ಕ ತಿರುಗಸು. ಹಾಂ."

ಪಡಸಾಲೆಯಲ್ಲಿ ಗುರುಸಂಗಪ್ಪ ಗೋಡೆ ಹಿಡಿದು, ನೋಯುವ ಮೊಣಕಾಲನ್ನು ಕಷ್ಟಪಟ್ಟು ಮಡಿಸಿ, ನೀಲಪ್ಪನ ಕಾಲ ಬಳಿ ಕೂತ. ನೀಲಪ್ಪ ಬೆಚ್ಚಿ ಕಾಲು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ್ರಿ ಯಪ್ಪಾ, ನಾ ಕಟಗೋತೀನಿ."

"ದೊರಿಗೆ ಹಿಂದಿನ ದೊರಿ ಗೆಜ್ಜಿ ಕಟ್ಟಬೇಕು. ನನಗ ನಮ್ಮಪ್ಪ ಕಟ್ಟಿದ್ದ. ಕಾಲ ಕೊಡು."

ಗಂಟು ಬಿಗಿದು, ಒಮ್ಮೆ ಎಳೆದು ನೋಡಿ, ಏಳಲು ಕೈ ಚಾಚಿದ. ಅವನನ್ನು ಎಬ್ಬಿಸಿದವರು ಇಬ್ಬರು, ಒಂದು ಕಡೆ ಮಗ, ಒಂದು ಕಡೆ ನೀಲಪ್ಪ.

ಗುರುಸಂಗಪ್ಪನಿಗೆ ನೆಲದ ಮೇಲೆ ಕೂರಲಾಗದೆಂದು ಅವನ ಗಾಡಿಯನ್ನೇ ಅಟ್ಟದ ಹತ್ತಿರ ತಂದು ನಿಲ್ಲಿಸಿದ್ದರು. ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಹೊನ್ನವ್ವನೂ ಅವನ ಜೊತೆ ಹತ್ತಿ ಕೂತಳು. ನರೇಗಲ್, ಗಜೇಂದ್ರಗಡದಿಂದೆಲ್ಲ ಜನ ಬಂದಿದ್ದರು. ದೊರೆ ತೆರೆಯ ಹಿಂದಿನಿಂದ ಕುಣಿಯುತ್ತ ಬಂದಾಗ ಒಂದು ಕಡೆಯಿಂದ ಗುಸುಗುಸು ಕೇಳಿತು. ಮೊದಲ ಪದ ಮುಗಿಯುವ ಹೊತ್ತಿಗೆ ಅದು ನಿಂತಿತು. ಮಹಾಲಿಂಗಪ್ಪ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು ಕೂತದ್ದನ್ನು ಹೊನ್ನವ್ವ ಕಂಡು ಗಂಡನಿಗೆ ತೋರಿಸಿದಳು.

ಮೂಡಲು ಬೆಳ್ಳಗಾಗುವಾಗ ದೂತ ಬಂದ. ಯುದ್ಧದಲ್ಲಿ ರಾಜಕುಮಾರ ಬಿದ್ದ ಸುದ್ದಿಯನ್ನು ರಾಣಿಗೆ ಹೇಳಬೇಕಾದವನು. ಹಿಂದೆ ಆ ವೇಷ ಕಟ್ಟಿದವರೆಲ್ಲ ಎದೆ ಬಡಿದುಕೊಂಡು ಕೂಗಿ ಹೇಳುತ್ತಿದ್ದರು. ಪ್ರಭುಲಿಂಗಪ್ಪನಿಗೆ ಕೂಗುವ ದನಿಯಿರಲಿಲ್ಲ. ಅವನು ಅಟ್ಟದ ಅಂಚಿಗೆ ಬಂದು, ಮನೆಯಲ್ಲಿ ಹೇಳುವ ಹಾಗೆ ಮೆಲ್ಲಗೆ ಹೇಳಿದ. ಹಿಂದಿನವರಿಗೆ ಕೇಳಿಸಲಿಲ್ಲ, ಮುಂದಿನವರು ಹಿಂದಿನವರಿಗೆ ಪಿಸುಮಾತಿನಲ್ಲಿ ಹೇಳಿದರು. ಆ ಸುದ್ದಿ ಸಾಲಿನಿಂದ ಸಾಲಿಗೆ ದಾಟಿ ಕೊನೆಯವರನ್ನು ಮುಟ್ಟುವ ತನಕ 'ಅಯ್ಯೋ ಶಿವನೇ' ಎನ್ನುವವರ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹೆಣ್ಣುಮಕ್ಕಳ ನಡುವೆ ದೇವವ್ವನ ಪಕ್ಕ ಕೂತಿದ್ದ ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ನಾಲ್ಕು ಮಾತು ಅವನಿಗೆ ಬಂದಿದ್ದವು.

ಆಮೇಲೆ ರಾಣಿಯ ವೇಷದವನು ಮಗನಿಗಾಗಿ ಅಳುವ ಪದ ಎತ್ತಿದ. ಗಾಡಿಯಲ್ಲಿ ಗುರುಸಂಗಪ್ಪ ಮುಂದಕ್ಕೆ ಬಾಗಿದ. ಪದ ಅರ್ಧವಾಗುವಷ್ಟರಲ್ಲಿ ಅವನ ಗಲ್ಲ ಒದ್ದೆಯಾಗಿತ್ತು.

"ಇದನ್ನ ನಾ ನೋಡೇ ಇಲ್ಲಲ್ಲ," ಎಂದ.

"ಏನ ನೋಡಿಲ್ಲ? ನಿಮ್ಮಜ್ಜ ಬರದದ್ದು."

"ಮಾತು ಗೊತ್ತದಾವ. ನೋಡಿಲ್ಲ. ಈ ಹೊತ್ತಿಗೆ ನಾ ತೆರಿ ಹಿಂದ ಕುಂತು ಬಣ್ಣ ಒರಸ್ಕೋತ, ಚಾ ಕುಡಕೋತ ಇರತಿದ್ದೆ. ಈಕಿ ಇಷ್ಟ ಅಳತಾಳಂತ ನನಗೇನ ಗೊತ್ತು?"

ಹೊನ್ನವ್ವ ಅವನನ್ನು ದಿಟ್ಟಿಸಿ ನೋಡಿದಳು. "ಮೂವತ್ತ ವರ್ಷ ನಾ ಈ ಪದಕ್ಕ ಅಳಕೋತ ಮನಿಗೆ ಬರತಿದ್ದೆ. ನೀವು ಬಂದಾವ್ರನ, 'ಯಾಕ ಅಳತಿ, ನನ್ನ ಕುಣಿತ ಸೇರಲಿಲ್ಲೇನು' ಅಂತ ಜಗಳ ತಗೀತಿದ್ರಿ."

"ಮತ್ತ ನೀ ಹೇಳಬಾರದಿತ್ತೇನು, ರಾಣಿ ಸಲವಾಗಿ ಅಂತ?"

"ಹ್ಯಾಂಗ ಹೇಳೂದು? ನೀವು ದೊರಿ."

ಗುರುಸಂಗಪ್ಪನಿಗೆ ಅಳುವಿನ ನಡುವೆಯೇ ನಗು ಬಂತು. ಹೊನ್ನವ್ವನಿಗೂ ಬಂತು. ಪಕ್ಕದ ಗಾಡಿಯವರು ತಿರುಗಿ ನೋಡಿದರು. ಅವಳು ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟು, "ಒರಸಕೋರಿ. ಮಂದಿ ನೋಡಾಕತ್ತಾರ. ಸುಮ್ನ ಕುಂತ ನೋಡ್ರಿ, ಇನ್ನೂ ಎರಡ ನುಡಿ ಅದಾವ" ಎಂದಳು.

ಅವನು ಒರೆಸಿಕೊಂಡು, ಸೆರಗನ್ನು ಕೈಯಲ್ಲೇ ಹಿಡಿದುಕೊಂಡು, ಸುಮ್ಮನೆ ಕೂತು ನೋಡಿದ.